ವಿಪಶ್ಯನ ಒಂದೇ ಸಾಕೇ? ಪರ-ವಿರೋಧ

ಪ್ರಶ್ನೆ ಇಷ್ಟೇ: ವಿಪಶ್ಯನ ಎಂಬ ಬೌದ್ಧ ಧ್ಯಾನದಲ್ಲಿ ಉಸಿರು ನೋಡುತ್ತ, ಮೈಯಲ್ಲಿ ಏಳುವ ವೇದನೆ (ಹಿತವೋ ಅಹಿತವೋ, ಯಾವುದೇ ಅನುಭವ) ನೋಡುತ್ತ ಕೂತರೆ ಬುದ್ಧ ಹೇಳಿದ ಬಿಡುಗಡೆ ಸಿಗುತ್ತದೆಯೇ? ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಒಂದೇ ಮನೆಯ ಇಬ್ಬರು ಬರೆದಿದ್ದಾರೆ. ಪರವಾಗಿ ಕಾಕಾ, ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯ ನಿವೃತ್ತ ಮಾಸ್ತರು. ವಿರೋಧವಾಗಿ ಅವರ ಅಣ್ಣನ ಮಗಳು.

ಪರ

ವಿಪಶ್ಯನ ಅಂದರೆ ಮನಸ್ಸು ಖಾಲಿ ಮಾಡಿಕೊಂಡು ಕೂರುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಮಂತ್ರ ಇಲ್ಲ, ಮೂರ್ತಿ ಇಲ್ಲ, ಬೆಳಕು ಕಾಣಬೇಕು ಅಂತಲೂ ಇಲ್ಲ. ಮೂಗಿನ ಹೊಳ್ಳೆಯಲ್ಲಿ ಉಸಿರು ಬಂದು ಹೋಗುವುದು ಗೊತ್ತಾಗುತ್ತಿರಬೇಕು. ಹತ್ತು ದಿನದ ಶಿಬಿರದಲ್ಲಿ ಮೊದಲ ಮೂರು ದಿನ ಅದೊಂದೇ ಕೆಲಸ. ನಾಲ್ಕನೇ ದಿನದಿಂದ ತಲೆಯಿಂದ ಪಾದದವರೆಗೆ ಒಂದೊಂದೇ ಜಾಗ ಗಮನಿಸುತ್ತ ಇಳಿಯುವುದು. ಬೆಳಗ್ಗೆ ನಾಲ್ಕಕ್ಕೆ ಗಂಟೆ, ಮಾತು ಬಂದ್, ಮೊಬೈಲ್ ಬಂದ್.

ಆಮೇಲೆ ಬರುತ್ತದೆ ನೋಡಿ ಅಧಿಷ್ಠಾನದ ಗಂಟೆ. ಒಂದು ತಾಸು ಕೈ ಬಿಚ್ಚಬಾರದು, ಕಾಲು ಸರಿಸಬಾರದು, ಕಣ್ಣು ತೆರೆಯಬಾರದು. ಸ್ವಲ್ಪ ಹೊತ್ತಿಗೇ ಬಲ ಮೊಣಕಾಲು ಕೂಗಲು ಶುರು ಮಾಡುತ್ತದೆ. ಸುಮ್ನೆ ನೋಡಬೇಕು. ನೋಡುತ್ತ ಹೋದರೆ ನೋವು ಅನ್ನುವ ಒಂದೇ ಗಂಟು ಬಿಚ್ಚಿಕೊಳ್ಳುತ್ತದೆ. ಒಂದು ಕಡೆ ಉರಿ, ಪಕ್ಕದಲ್ಲಿ ಮಿಡಿತ, ನಡುವೆ ಬಿಗಿತ. ಉರಿ ಒಂದು ಕ್ಷಣ ಇರುವುದಿಲ್ಲ, ಮತ್ತೆ ಬರುತ್ತದೆ. ‘ಕಾಲು ಹೋಯ್ತು, ಯಾಕಾದರೂ ಬಂದೆನಪ್ಪಾ’ ಎಂಬ ಗೊಣಗಾಟ ಬೇರೆ, ಕಾಲಿನ ಉರಿ ಬೇರೆ ಅಂತ ಅಲ್ಲೇ ಕೂತಲ್ಲೇ ತಿಳಿಯುತ್ತದೆ. ಎಲ್ಲವೂ ಅನಿತ್ಯ ಅಂತ ಪುಸ್ತಕದಲ್ಲಿ ಓದಿ ತಲೆಯಾಡಿಸುವುದು ಸುಲಭ. ಮೊಣಕಾಲಿನಲ್ಲಿ ಓದಿದ್ದು ಮರೆಯುವುದಿಲ್ಲ.

ಇದನ್ನು ಹೇಳಿದವನು ಬುದ್ಧನೇ. ಬುದ್ಧನ ಉಪದೇಶಗಳ ಪಾಳಿ ಸಂಗ್ರಹವಾದ ಮಜ್ಝಿಮ ನಿಕಾಯದ 10ನೇ ಸುತ್ತ (ಉಪದೇಶ), ಸತಿಪಟ್ಠಾನ ಸುತ್ತ, ತೆಗೆದು ನೋಡಿ. ಮೈ, ವೇದನೆ, ಚಿತ್ತ, ಧಮ್ಮ (ಇಲ್ಲಿ ಮನಸ್ಸಿಗೆ ತೋರುವ ವಿಷಯಗಳು), ಈ ನಾಲ್ಕನ್ನು ಎಚ್ಚರದಿಂದ ಗಮನಿಸುತ್ತ ಏಳು ವರ್ಷ ಇದ್ದವನು ಅರಹಂತ (ಪೂರ್ತಿ ಬಿಡುಗಡೆ ಪಡೆದವನು) ಆಗುತ್ತಾನೆ, ಇಲ್ಲವೇ ಅನಾಗಾಮಿ (ಮತ್ತೆ ಈ ಲೋಕಕ್ಕೆ ಹುಟ್ಟಿಬರದವನು) ಆಗುತ್ತಾನೆ ಅಂತಿದೆ. ಏಳು ವರ್ಷ ಯಾಕೆ, ಆರು ಸಾಕು, ಐದು ಸಾಕು ಅಂತ ಇಳಿಸುತ್ತ ಬಂದು ಕೊನೆಗೆ ಏಳೇ ದಿನಕ್ಕೆ ನಿಲ್ಲಿಸುತ್ತಾನೆ. ಇಷ್ಟು ಖಚಿತವಾಗಿ ಮಾತು ಕೊಟ್ಟವರು ಕಡಿಮೆ.

ಸಂಸಾರಿಗಳಿಗೆ ಇದೆಲ್ಲ ಆಗುವುದಿಲ್ಲ ಅನ್ನುವವರು ಬರ್ಮಾದ ಕಡೆ ನೋಡಲಿ. ಲೇಡಿ ಸಯಾಡೊ (1846-1923) ಎಂಬ ಭಿಕ್ಷು ಇದನ್ನು ವಿಹಾರದಿಂದ ಹೊರಗೆ ತಂದು ಸಂಸಾರಿಗಳಿಗೂ ಕಲಿಸಿದರು. ಅವರ ಶಿಷ್ಯ ಸಯಾ ತೆಟ್ಜಿ ಒಬ್ಬ ರೈತ. ತೆಟ್ಜಿಯ ಶಿಷ್ಯ ಉ ಬಾ ಖಿನ್ ಸ್ವತಂತ್ರ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಅವರ ಹತ್ತಿರ ಮೈಗ್ರೇನ್ ಗುಣಮಾಡಿಕೊಳ್ಳಲು ಹೋದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ. ಬರೀ ತಲೆನೋವಿಗಾದರೆ ಬರಬೇಡ ಅಂತ ಗುರು ಮೊದಲು ಒಪ್ಪಿರಲೇ ಇಲ್ಲ! ಅದೇ ಗೋಯೆಂಕಾ 1969ರಲ್ಲಿ ಭಾರತಕ್ಕೆ ಬಂದು ಶಿಬಿರ ಶುರು ಮಾಡಿದರು. ಮಹಾರಾಷ್ಟ್ರದ ಇಗತಪುರಿಯ ಧಮ್ಮಗಿರಿ ಕೇಂದ್ರ ಎದ್ದಿದ್ದು ಆಮೇಲೆ. ಫೀಸಿಲ್ಲ. ಮುಗಿಸಿದವರು ಮನಸ್ಸಿದ್ದರೆ ಮುಂದಿನವರ ಊಟಕ್ಕೆ ಕೊಡುತ್ತಾರೆ. 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಂದೇ ಶಿಬಿರದಲ್ಲಿ ಕೂತರು. ಜಾತಿ ಕೇಳದ, ಧರ್ಮ ಕೇಳದ ಇಂಥ ದಾರಿ ಇನ್ನೆಲ್ಲಿದೆ?

ನಮ್ಮ ನೆಲಕ್ಕೂ ಇದು ಹೊಸದಲ್ಲ. ಸೊನ್ನಲಿಗೆಯ (ಈಗಿನ ಸೊಲ್ಲಾಪುರ) ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮ ಬಂದು ‘ವಡ್ಡ’ (ಮಣ್ಣು ಅಗೆಯುವವನು) ಅಂತ ಕರೆದು ಕೆಣಕಿದ ಕಥೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹೊರಗೆ ಎಷ್ಟು ಅಗೆದರೂ ಒಳಗೆ ನೋಡದಿದ್ದರೆ ಕೆಲಸ ಮುಗಿಯುವುದಿಲ್ಲ.

ನಮ್ಮ ಹುಡುಗಿ ಈಗ ಬಾಬಾಸಾಹೇಬ ಅಂಬೇಡ್ಕರರ ಹೆಸರು ತೆಗೆಯುತ್ತಾಳೆ, ನನಗೆ ಗೊತ್ತು. ತೆಗೆಯಲಿ. ಬೌದ್ಧರಾಗುವವರಿಗೆ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಬುದ್ಧನ ಎಂಟು ಅಂಗಗಳ ಅಷ್ಟಾಂಗ ಮಾರ್ಗ ಪಾಲಿಸುತ್ತೇನೆ ಎಂಬುದೂ ಒಂದು. ಸಮ್ಯಕ್ ಸ್ಮೃತಿ (ಸರಿಯಾದ ಎಚ್ಚರ), ಸಮ್ಯಕ್ ಸಮಾಧಿ (ಸರಿಯಾದ ಏಕಾಗ್ರತೆ) ಅದರೊಳಗೇ ಇವೆಯಲ್ಲ!

ವಿರೋಧ

ಇವೆ, ಕಾಕಾ. ಎಂಟರಲ್ಲಿ ಏಳನೆಯದು, ಎಂಟನೆಯದು. ಅದಕ್ಕೂ ಮೊದಲಿನ ಆರರ ಲೆಕ್ಕ ಯಾರು ಕೊಡುತ್ತಾರೆ? ಸರಿಯಾದ ಮಾತು, ಸರಿಯಾದ ನಡತೆ, ಸರಿಯಾದ ದುಡಿಮೆ. ಶಿಬಿರದಲ್ಲಿ ಮೊದಲ ದಿನ ಪಂಚಶೀಲ (ಕೊಲ್ಲದಿರುವುದು, ಕದಿಯದಿರುವುದು, ಸುಳ್ಳು ಹೇಳದಿರುವುದು ಮೊದಲಾದ ಐದು ನಿಯಮ) ಕೊಡುತ್ತಾರೆ, ಒಪ್ಪಿದೆ. ಆದರೆ ಮಾತೇ ಆಡದ ಜಾಗದಲ್ಲಿ ಸುಳ್ಳು ಹೇಳದಿರುವುದು ಯಾವ ದೊಡ್ಡ ಕಷ್ಟ? ಬಡ್ಡಿ ವ್ಯವಹಾರ ಮಾಡುವವನು ಹತ್ತು ದಿನ ಕೂತು ಬಂದು ಹನ್ನೊಂದನೇ ದಿನ ಅದೇ ಅಂಗಡಿ ತೆರೆಯುತ್ತಾನೆ. ಸಾಲ ಮಾಡಿದವರನ್ನು ಈಗ ಸಮಾಧಾನದಿಂದ ಹಿಂಡುತ್ತಾನೆ, ಅಷ್ಟೇ ಫರಕು.

ಏಳು ದಿನದ ಮಾತು ಎತ್ತಿದಿರಿ. ಆ ಸುತ್ತ ಕೇಳಿಸಿಕೊಂಡು ಕೂತಿದ್ದವರು ಭಿಕ್ಷುಗಳು. ಮನೆ, ದುಡ್ಡು, ಜಾತಿ ಬಿಟ್ಟು ಬಂದವರು. ನೆಲ ಹದವಾದ ಮೇಲೆ ಬಿತ್ತಿದ ಬೀಜ ಅದು. ಗೋಯೆಂಕಾ ಅವರೂ ಹತ್ತು ದಿನಕ್ಕೆ ನಿಬ್ಬಾಣ (ನಿರ್ವಾಣ) ಅಂತ ಹೇಳಿದವರಲ್ಲ. ಹಾಗೆ ಹೇಳುವವರು ಹೋಗಿಬಂದ ನೆಂಟರು.

ನೀವು ಹೇಳದೆ ಬಿಟ್ಟ ಇನ್ನೊಂದು ಕಥೆ ಇದೆ. ವೈಶಾಲಿಯಲ್ಲಿ ಬುದ್ಧ ಭಿಕ್ಷುಗಳಿಗೆ ಮೈಯ ಹೇಸಿಗೆಯನ್ನು ನೆನೆಯುವ ಧ್ಯಾನ ಹೊಗಳಿ ಹೇಳಿಕೊಟ್ಟು, ತಾನು ಅರ್ಧ ತಿಂಗಳು ಒಬ್ಬನೇ ಇರಲು ಹೋದ. ವಾಪಸ್ ಬಂದು ನೋಡಿದರೆ ಸಂಘ ಅರ್ಧಂಬರ್ಧ ಖಾಲಿ. ಮೈ ಮೇಲೆ ಜಿಗುಪ್ಸೆ ಹುಟ್ಟಿ ಎಷ್ಟೋ ಜನ ಸತ್ತಿದ್ದರು. ಕೆಲವರು ತಾವೇ ಸತ್ತರು, ಕೆಲವರು ಇನ್ನೊಬ್ಬರ ಕೈಯಿಂದ ಸಾಯಿಸಿಕೊಂಡರು. ಬೇರೆ ದಾರಿ ಹೇಳು ಅಂತ ಆನಂದ ಕೇಳಿದಾಗ ಬುದ್ಧ ಹೇಳಿದ್ದು ಉಸಿರಿನ ಧ್ಯಾನ. ಇದು ಪಾಳಿ ಗ್ರಂಥಗಳಲ್ಲೇ ಇದೆ, ಯಾರೂ ಮುಚ್ಚಿಟ್ಟಿಲ್ಲ. ಉಸಿರಿನ ಧ್ಯಾನ ಗೆದ್ದಿತಲ್ಲ ಅನ್ನುತ್ತೀರಿ. ನನಗೆ ಕಾಣುವುದು ಬೇರೆ. ಬುದ್ಧನೇ ಹೇಳಿಕೊಟ್ಟ ಧ್ಯಾನವೂ ಕೆಲವರಿಗೆ ವಿಷವಾಯಿತು. ಹತ್ತಿರ ಕೂತು ನೋಡಿ ಬದಲಿಸುವ ಗುರು ಬೇಕಾದ. ಈಗ ನೂರು ಜನ ಕೂತ ಹಾಲ್‌ನಲ್ಲಿ ಧ್ವನಿಮುದ್ರಣ ಕೇಳಿಸುತ್ತಾರೆ, ಸಹಾಯಕ ಆಚಾರ್ಯರು ಒಬ್ಬೊಬ್ಬರ ಹತ್ತಿರ ಸ್ವಲ್ಪ ಹೊತ್ತು ಮಾತಾಡುತ್ತಾರೆ. ಒಳಗೆ ಕುಸಿಯುತ್ತಿರುವವರು ಅಷ್ಟರಲ್ಲಿ ಅವರ ಕಣ್ಣಿಗೆ ಬೀಳುತ್ತಾರಾ?

5ನೇ ಶತಮಾನದಲ್ಲಿ ಭಿಕ್ಷು ಬುದ್ಧಘೋಷ ಬರೆದ ವಿಸುದ್ಧಿಮಗ್ಗ ಎಂಬ ಪಾಳಿ ಗ್ರಂಥದಲ್ಲಿ ಈ ದಾರಿಯ ಮಜಲುಗಳ ಪಟ್ಟಿಯಿದೆ. ಎಲ್ಲವೂ ಕರಗುವುದು ಕಾಣುತ್ತದೆ, ಅದರ ಬೆನ್ನಿಗೇ ಭಯ ಬರುತ್ತದೆ, ಜಿಗುಪ್ಸೆ ಬರುತ್ತದೆ. ಸಮಚಿತ್ತ ಬರುವುದು ಅದನ್ನೆಲ್ಲ ದಾಟಿದ ಮೇಲೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು ಬೌದ್ಧ ಧ್ಯಾನ ಮಾಡುವವರನ್ನು ಮಾತಾಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಭಯ, ನಿದ್ದೆಗೇಡು, ತಾನು ಯಾರೆಂಬುದೇ ಸಡಿಲಾಗುವುದು ಬರುತ್ತವೆ. ಎಲ್ಲರಿಗೂ ಹೀಗೆ ಆಗುತ್ತದೆ ಅಂತಲ್ಲ. ಆದರೆ ವಿಹಾರದ ಕಟ್ಟೆಯ ಮೇಲೆ ಕೂತು ‘ಹೋಗಿ ಬಾ, ಎಲ್ಲ ಸರಿಯಾಗುತ್ತದೆ’ ಅನ್ನುವವರು ಇದನ್ನು ಹೇಳುವುದೇ ಇಲ್ಲ.

ಮೈಂಡ್‌ಫುಲ್‌ನೆಸ್ ಎಂಬ, ಧರ್ಮ ಬಿಟ್ಟ ಎಚ್ಚರದ ಧ್ಯಾನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1979ರಲ್ಲಿ ಜಾನ್ ಕಬಟ್-ಜಿನ್ ಅದನ್ನು ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಗೆ ತಂದಿದ್ದು ನೋವು ಅನುಭವಿಸುವ ರೋಗಿಗಳಿಗಾಗಿ. ಅದರಲ್ಲಿ ಮೋಸ ಇಲ್ಲ. ಟಾರ್ಗೆಟ್ ದುಪ್ಪಟ್ಟು ಮಾಡಿ ಕೈಗೊಂದು ಧ್ಯಾನದ ಆ್ಯಪ್ ಕೊಡುವ ಆಫೀಸುಗಳದ್ದು ಮೋಸ.

ಇನ್ನು ಬಾಬಾಸಾಹೇಬರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಧಮ್ಮಕ್ಕೆ ಬಂದದ್ದು ಮೊಣಕಾಲಿನ ಉರಿ ನೋಡಲಿಕ್ಕಲ್ಲ. ಮನುಷ್ಯರಾಗಿ ಬದುಕಲಿಕ್ಕೆ. ಮರುವರ್ಷ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವರು ಮುದುಕ, ರೋಗಿ, ಹೆಣ ನೋಡಿ ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಒಪ್ಪುವುದಿಲ್ಲ. ರೋಹಿಣಿ ನದಿಯ ನೀರಿಗಾಗಿ ಸಿದ್ಧಾರ್ಥನ ಕುಲದ ಶಾಕ್ಯರಿಗೂ ಪಕ್ಕದ ಕೋಲಿಯರಿಗೂ ಜಗಳ ಬಂತು, ಯುದ್ಧ ಬೇಡ ಅಂದದ್ದಕ್ಕೆ ಸಿದ್ಧಾರ್ಥ ಹೊರಹೋಗಬೇಕಾಯಿತು ಅನ್ನುತ್ತಾರೆ. ಉಜನಿ ಅಣೆಕಟ್ಟಿನ ನೀರಿಗಾಗಿ ಕಾದು ಕೂರುವ ನಮಗೆ ಈ ಬುದ್ಧ ಬೇಗ ಅರ್ಥವಾಗುತ್ತಾನೆ. ಅದೇ ಪುಸ್ತಕದ ಮುನ್ನುಡಿಯಲ್ಲಿ ಅವರದೊಂದು ಪ್ರಶ್ನೆ: ಭಿಕ್ಷು ಇರುವುದು ತಾನೊಬ್ಬ ಪರಿಪೂರ್ಣನಾಗಲಿಕ್ಕೋ, ಜನರ ಸೇವೆಗೋ? ತಾನೊಬ್ಬನೇ ಆದರೆ ಧಮ್ಮಕ್ಕೆ ಉಪಯೋಗವಿಲ್ಲ ಅನ್ನುವುದು ಅವರ ನಿಲುವು, ನನ್ನದೂ.

ಸಿದ್ಧರಾಮನ ಕಥೆಯನ್ನೂ ಅರ್ಧಕ್ಕೇ ಬಿಟ್ಟಿರಿ. ಅಲ್ಲಮ ಬೈದ ಅಂತ ಸಿದ್ಧರಾಮ ಕೆರೆ ಮುಚ್ಚಿಸಲಿಲ್ಲ, ಅಲ್ವಾ?

ಫೀಸಿಲ್ಲ ಅಂದಿರಿ. ಜತ್ತ ತಾಲೂಕಿನಿಂದ ಕಬ್ಬು ಕಡಿಯಲು ಹೋಗುವ ಹೆಂಗಸಿಗೆ ಹತ್ತು ದಿನದ ಕೂಲಿ ಯಾರು ಕೊಡುತ್ತಾರೆ? ಜೋಳಿಗೆಯಲ್ಲಿ ಮಲಗಿಸಿದ ಕೂಸನ್ನು ಯಾರು ನೋಡುತ್ತಾರೆ? ಅಷ್ಟು ದೂರ ಯಾಕೆ, ನೀವು ಇಗತಪುರಿಯಲ್ಲಿ ಕೂತಿದ್ದಾಗ ಮನೆಯಲ್ಲಿ ಎಮ್ಮೆ ಹಿಂಡಿದ್ದು, ಸಗಣಿ ಎತ್ತಿದ್ದು, ಹೊಲಕ್ಕೆ ಬುತ್ತಿ ಹೊತ್ತಿದ್ದು ನಿಮ್ಮ ಹೆಂಡತಿ, ನನ್ನ ಕಾಕು. ಅವಳಿಗೂ ಮೊಣಕಾಲು ನೋವಿದೆ. ಮುಂದಿನ ಶಿಬಿರಕ್ಕೆ ಅವಳು ಹೋಗಲಿ, ಎಮ್ಮೆ ನೀವು ನೋಡಿಕೊಳ್ಳಿ. ಅರ್ಜಿ ಆನ್‌ಲೈನ್‌ನಲ್ಲಿ ತುಂಬಬಹುದು, ನಾನೇ ತುಂಬಿಕೊಡುತ್ತೇನೆ.