ನವಲಿಯಲ್ಲಿ ಇನ್ನೊಂದು ಜಲಾಶಯ ಬೇಕಾ?

ಪರ

ಗಂಗಾಮೂಲದಲ್ಲಿ ಹುಟ್ಟುವ ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ ಬಯಲುಸೀಮೆಗೆ ಇಳಿಯುತ್ತವೆ. ಮಳೆಗಾಲದಲ್ಲಿ ನೀರಿನ ಜೊತೆ ಮಣ್ಣೂ ಬರುತ್ತದೆ. ಅದು ಬಂದು ಕೂರುವುದು ನಮ್ಮ ಡ್ಯಾಂನಲ್ಲಿ. 1953ರಲ್ಲಿ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಈಗ ಹಿಡಿಯುವುದು 105 ಚಿಲ್ಲರೆ. ಐದರಲ್ಲಿ ಒಂದು ಪಾಲು ಹೂಳಿನ ಪಾಲಾಯಿತು.

ಹೂಳು ತೆಗೆಸಿ ಅನ್ನುವುದು ಸುಲಭ. 27 ಟಿಎಂಸಿ ಅಂದರೆ 76 ಕೋಟಿ ಘನ ಮೀಟರ್ ಮಣ್ಣು. ಸುರಿಯುವುದೆಲ್ಲಿ? ಅದರ ಬದಲು ಸುಮ್ನೆ ಹರಿದು ಹೋಗುವ ಪ್ರವಾಹದ ನೀರನ್ನೇ ಕಾಲುವೆಯಲ್ಲಿ ಕೊಪ್ಪಳ ಜಿಲ್ಲೆಯ ನವಲಿಗೆ ಒಯ್ದು ತುಂಬಿಸೋಣ ಅನ್ನುವುದು ಯೋಜನೆ. ಎಡದಂಡೆ ಕಾಲುವೆಯ ಕೊನೆಭಾಗದ, ಮಾನ್ವಿ, ಸಿರವಾರ ಕಡೆಯ ರೈತರಿಗೆ ಅದು ಹತ್ತಿರದ ಆಸರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ವರ್ಷ ಮಳೆ ಕೈಹಿಡಿದು ಡ್ಯಾಂ ಮತ್ತೆ ತುಂಬಿತು. ಪ್ರತಿ ಸಲ ಹಾಗೇ ಆಗುತ್ತದೆ ಅಂತ ನಂಬಿ ಕೂರುವುದಾ?

ವಿರೋಧ

ನವಲಿಗೆ ಹೋಗುವುದೂ ಅದೇ ಕೆನ್ನೀರು. ಅಲ್ಲಿ ಮಾತ್ರ ಹೂಳು ಕೂರಲ್ವಾ? ಮುಳುಗುವುದಂತೂ ರೈತರ ಹೊಲವೇ.

ಕೊನೆಭಾಗಕ್ಕೆ ನೀರು ಮುಟ್ಟದಿರಲು ಹೂಳೊಂದೇ ಕಾರಣ ಅಲ್ಲ. ಎಡದಂಡೆ ಕಾಲುವೆ ತೋಡಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದಲ್ಲಿ, ಗಂಗಾವತಿ ಸುತ್ತ, ಭತ್ತ ಬಂದು ಕೂತಿತು. ಸೋನಾ ಮಸೂರಿ ಅನ್ನ ಉಣ್ಣುತ್ತಲೇ ಇದನ್ನು ಹೇಳುತ್ತಿದ್ದೇನೆ, ಇರಲಿ. ಕೊನೆಯ ವಿತರಣಾ ಕಾಲುವೆಗಳಲ್ಲಿ ಬಳ್ಳಾರಿ ಜಾಲಿ ಬೆಳೆದು ನಿಂತಿದೆ. ಮೇಲಿನ ಸಾಲಿನಲ್ಲಿ ರಾತ್ರೋರಾತ್ರಿ ಪಂಪ್‌ಸೆಟ್ ಗುಡುಗುತ್ತವೆ. ಹೊಸ ನೀರೂ ಅದೇ ದಾರಿ ಹಿಡಿಯುತ್ತದೆ.

ಇನ್ನು ‘ಸುಮ್ನೆ ಹರಿದು ಹೋಗುವ ನೀರು’ ಅನ್ನುವ ಮಾತು. ಡ್ಯಾಂ ಕೆಳಗಿನಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ, ದೇಶದಲ್ಲೇ ಮೊದಲನೆಯದು. ಆನೆಗುಂದಿ ಕಡೆ ಹೊಳೆಯ ಬಂಡೆಗಳ ಮೇಲೆ ಅವುಗಳ ಹಿಕ್ಕೆ ಸಿಗುತ್ತದೆ. ಒಣಗಿದರೂ ಮೀನಿನ ವಾಸನೆ, ಮುರಿದರೆ ಒಳಗೆ ಬರೀ ಹುರುಪೆ, ಮುಳ್ಳು. ಹೆಚ್ಚಾಗಿ ಗುಂಪಾಗಿ ಬೇಟೆಯಾಡುವ ಪ್ರಾಣಿ. ಅದಕ್ಕೆ ಮೀನಿರುವ ಮಡುಗಳು ಬೇಕು. ಮಡುಗಳನ್ನು ವರ್ಷಕ್ಕೊಮ್ಮೆ ತೊಳೆದು ತುಂಬುವುದು ಅದೇ ‘ವ್ಯರ್ಥ’ ಪ್ರವಾಹ. ಅದೇ ಹೊಳೆಯಲ್ಲಿ ವಿಜಯನಗರದವರು ಕಟ್ಟಿದ ಕಲ್ಲಿನ ಅಣೆಕಟ್ಟೆಗಳೂ ಇವೆ. ಒಂದಿಷ್ಟು ನೀರನ್ನು ಕಾಲುವೆಗೆ ತಿರುಗಿಸಿ ಉಳಿದದ್ದನ್ನು ಮೇಲಿಂದ ಹರಿಯಬಿಡುತ್ತವೆ. ಆ ಕಾಲುವೆಗಳಲ್ಲಿ ಇವತ್ತಿಗೂ ನೀರಿದೆ.

ನವಲಿಗೆ, ಹೊಳೆಯ ನೀರಿನಲ್ಲಿ ಪಾಲಿರುವ ಆಂಧ್ರ, ತೆಲಂಗಾಣ ಒಪ್ಪಬೇಕು. ಎಡದಂಡೆ ಕಾಲುವೆಯ ಜಾಲಿ ಕಡಿಯಲು, ತೂಬಿಗೆ ಅಳತೆ ಕೂರಿಸಲು ಯಾರನ್ನೂ ಕೇಳಬೇಕಿಲ್ಲ ಅಲ್ವಾ?