ಟೆನ್ನಿಸ್ ಆಡದವನ ಮೊಣಕೈ

ಇವತ್ತು ಬೆಳಿಗ್ಗೆ ಚಹಾದ ಪಾತ್ರೆ ಎತ್ತಿದ್ದೇ ತಡ, ಬಲ ಮೊಣಕೈಗೆ ಕರೆಂಟ್ ಹೊಡೆದಂತಾಗಿ ಅರ್ಧ ಚಹಾ ಕಟ್ಟೆಯ ಪಾಲಾಯಿತು. ನೋವು ಹೇಗೋ ತಡೆದುಕೊಂಡೇನು. ಪುಣೆಯ ಕೋಥ್ರೂಡಿನ ನಮ್ಮ ಸೊಸೈಟಿಯ ಲಿಫ್ಟನ್ನು ತಡೆದುಕೊಳ್ಳುವುದು ಕಷ್ಟ. ಕೈಪಟ್ಟಿ ಕಂಡವರೆಲ್ಲ "ಕಾಯ್ ಝಾಲಂ?" ಎಂದು, ಅಂದರೆ ಏನಾಯಿತೆಂದು, ಮರಾಠಿಯಲ್ಲಿ ಕೇಳುತ್ತಾರೆ. "ಡಿಸ್ಕ್ ಗಾಲ್ಫ್" ಎಂದರೆ "ಅರೆರೆ, ಸ್ಲಿಪ್ ಡಿಸ್ಕ್?" ಎಂದು ನನ್ನ ಬೆನ್ನು ನೋಡುತ್ತಾರೆ. ಪ್ಲಾಸ್ಟಿಕ್ ತಟ್ಟೆ ಎಸೆಯಬೇಕು, ಸರಪಳಿ ಕಟ್ಟಿದ ಬುಟ್ಟಿಗೆ ಬೀಳಿಸಬೇಕು, ಎಸೆತ ಕಡಿಮೆ ಆದಷ್ಟೂ ಒಳ್ಳೆಯದು ಎಂದು ವಿವರಿಸುವಷ್ಟರಲ್ಲಿ ಮೂರನೇ ಮಹಡಿ. "ನಿಮಗೀಗ ವಯಸ್ಸೆಷ್ಟು?" ಎಂಬ ಪ್ರಶ್ನೆ ನಾಲ್ಕನೆಯದರಲ್ಲಿ.

ಇದಕ್ಕೆಲ್ಲ ಮೂಲ ನನ್ನ ಭಾಮೈದ. ಅಮೆರಿಕದಿಂದ ಬರುವಾಗ ಎಲ್ಲರೂ ಚಾಕೊಲೇಟ್ ತಂದರೆ ಇವನು ನೂರಾ ಎಪ್ಪತ್ತು ಗ್ರಾಂ ತೂಗುವ ಐದಾರು ತಟ್ಟೆ ತಂದ. ವೇತಾಳ ಟೇಕಡಿ ಎಂಬ ಗುಡ್ಡದ ಮೇಲೆ, ಹಳೇ ಸೈಕಲ್ ರಿಮ್ಮಿಗೆ ಸರಪಳಿ ಇಳಿಬಿಟ್ಟು ನಮ್ಮ ಮೈದಾನ ತಯಾರು. ಅವನಿಗೊಂದು ಚಾಳಿ. ನಾನು ಕೈ ಎತ್ತಿದರೆ ಸಾಕು, ಗುಡ್ಡವೆಲ್ಲ ಕೇಳುವಂತೆ, "ಕೈಲೆ ಅಲ್ರಿ ಮಾಮಾ, ಸೊಂಟಲೆ ಒಗೀರಿ! ಸೊಂಟ! ಸೊಂಟ!" ವಾಕಿಂಗ್ ಬಂದ ಪಿಂಚಣಿದಾರರು ಕೋಲೂರಿ ನಿಂತು ನನ್ನ ಸೊಂಟ ನೋಡತೊಡಗಿದರು. ಅಷ್ಟು ಜನರ ಮುಂದೆ ಯಾರ ಸೊಂಟ ತಿರುಗೀತು? ತಟ್ಟೆಯನ್ನು ಬಿಗಿಯಾಗಿ ಹಿಡಿದು ಬರೀ ತೋಳಿನಿಂದ ಬೀಸಿದೆ. ತಟ್ಟೆ ಗ್ಲಿರಿಸಿಡಿಯಾ ಮರದಲ್ಲಿ ಕೂತಿತು. ಅದನ್ನು ಬೀಳಿಸಲು ಚಪ್ಪಲಿ ಎಸೆದೆ. ಅದೂ ಕೂತಿತು. ಎರಡನೆಯದನ್ನು ಎಸೆಯುವ ಮುನ್ನ ಭಾಮೈದ ಮತ್ತೆ ಕೂಗಿದ, "ಸೊಂಟಲೆ ಮಾಮಾ!" ಈ ಸಲ ಸೊಂಟದಿಂದಲೇ ಎಸೆದೆ. ಚಪ್ಪಲಿ ಮರವನ್ನೂ ದಾಟಿ ಹೋಯಿತು, ಸೊಂಟ ಅಲ್ಲೇ ಹಿಡಿದುಕೊಂಡಿತು. ಮುರುಮ್ ಮಣ್ಣಿನ ಮೇಲೆ ಬರಿಗಾಲಲ್ಲಿ ಇಳಿಯುವಾಗ ಪಾದವೂ ಉಳುಕಿತು.

"ಚಪ್ಪಲಿ ಎಲ್ಲಿ ಹೋದುವ್ರಿ?" ಎಂದಳು ಹೆಂಡತಿ. ಕೈಯ ಬಗ್ಗೆ ಒಂದು ಮಾತಿಲ್ಲ.

ಡಾಕ್ಟರು ಒತ್ತಿ ನೋಡಿ "ಟೆನ್ನಿಸ್ ಎಲ್ಬೋ" ಎಂದರು. ಬಿಗಿಯಾಗಿ ಹಿಡಿದು ಮತ್ತೆ ಮತ್ತೆ ಬೀಸಿದ್ದಕ್ಕೆ ಮೊಣಕೈಯ ಹೊರಬದಿಯ ಸ್ನಾಯುರಜ್ಜು ಸೋತಿದೆಯಂತೆ. ಒಳಬದಿ ನೋವಿಗೆ ಗಾಲ್ಫರ್ಸ್ ಎಲ್ಬೋ ಅನ್ನುತ್ತಾರೆ. ಅದಾದರೂ ಬರಬಾರದಿತ್ತೇ, ಹೆಸರಿನಲ್ಲಿ ಅರ್ಧ ಆಟವಾದರೂ ಇರುತ್ತಿತ್ತು! ಧಾರವಾಡದಲ್ಲಿ ಚಿಣ್ಣಿದಾಂಡು ಆಡಿ ಹುಬ್ಬು ಒಡೆದುಕೊಂಡಾಗ ಅಜ್ಜಿ ಅರಿಶಿನ ಮೆತ್ತಿ ಮತ್ತೆ ಹೊರಗೆ ಅಟ್ಟುತ್ತಿದ್ದಳು. ಆ ಗಾಯಕ್ಕೆ ಇಂಗ್ಲಿಷ್ ಹೆಸರಿರಲಿಲ್ಲ, ಮೂರು ದಿನಕ್ಕೆ ಮಾಯುತ್ತಿತ್ತು. ಇದಕ್ಕೆ ತಿಂಗಳುಗಟ್ಟಲೆ ಬೇಕಂತೆ.

ಸಮಾಧಾನ ಮಾಡಲು ಬಂದ ಭಾಮೈದ, 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಆಟಕ್ಕೆ ಮೈದಾನ ಮಾಡಿದ ಎಡ್ ಹೆಡ್ರಿಕ್ಕನ ಕಥೆ ಹೇಳಿದ. 2002ರಲ್ಲಿ ಆತ ತೀರಿಕೊಂಡ ಮೇಲೆ, ಅವನ ಆಸೆಯಂತೆ ಚಿತಾಭಸ್ಮವನ್ನು ಬೆರೆಸಿ ತಟ್ಟೆಗಳನ್ನೇ ಮಾಡಿದರಂತೆ. ಹೆಂಡತಿ ಈಳಿಗೆಯಿಂದ ತಲೆ ಎತ್ತಲಿಲ್ಲ. "ನಿಮ್ಮನ್ನ ಮಾಡಿಸಿದ್ರ ಅದೂ ಗಿಡದಾಗ ಸಿಕ್ಕೊಂಡು ಕೂಡ್ತದ."

ಸಂಜೆ ಲಿಫ್ಟಿನಲ್ಲಿ ಆರನೇ ಮಹಡಿಯ ಅಜ್ಜ ಪಟ್ಟಿ ನೋಡಿದರು. ನನಗೆ ಸಾಕಾಗಿತ್ತು. "ಟೆನ್ನಿಸ್" ಅಂದುಬಿಟ್ಟೆ. ಅಜ್ಜನ ಬೆನ್ನು ನೆಟ್ಟಗಾಯಿತು. "ಡೆಕ್ಕನ್ ಜಿಮಖಾನಾ ಕ್ಲಬ್?" ಎಂದು ಗೌರವದಿಂದ ಕೇಳಿದರು.

ತಲೆಯಾಡಿಸಿದೆ. ನೋಯದೆ ಉಳಿದಿದ್ದ ಭಾಗ ಅದೊಂದೇ.