ಬರೀ ಒಂದು ಪೈಸೆ ಕಣ್ರೀ

ಬೆಳಿಗ್ಗೆ ಆರೂಕಾಲಕ್ಕೆ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬರುತ್ತದೆ. ಬರುವುದೂ ರಿವರ್ಸ್‌ನಲ್ಲೇ. ‘ಬರ್ಲಿ, ಬರ್ಲಿ, ಬರ್ಲಿ, ಲೆಫ್ಟ್ ಕಟ್, ಸಾಕ್ ಸಾಕ್!’ ಇದೇ ನಮ್ಮ ಬಡಾವಣೆಯ ಸುಪ್ರಭಾತ. ಕ್ಲೀನರ್ ಹುಡುಗ ಸಂಪಿನ ಮುಚ್ಚಳ ತೆಗೆದು, ದಪ್ಪ ಪೈಪು ಇಳಿಬಿಟ್ಟು, ವಾಲ್ವ್ ತಿರುಗಿಸಿ, ಮೊಬೈಲ್ ನೋಡುತ್ತಾ ನಿಲ್ಲುತ್ತಾನೆ. ಪೈಪಿನ ಜಾಯಿಂಟಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿದ್ದಾರೆ. ಅದು ಸುಮ್ನೆ ಸಮಾಧಾನಕ್ಕೆ. ನೀರು ತನ್ನ ಪಾಡಿಗೆ ತಾನು ಚಿಮ್ಮುತ್ತಲೇ ಇರುತ್ತದೆ.

ಹದಿನಾರು ಮನೆಯ ನಮ್ಮ ಕಟ್ಟಡಕ್ಕೆ ಈ ವರ್ಷ ನಾನು ಕಾರ್ಯದರ್ಶಿ. ಅಂದರೆ ಟ್ಯಾಂಕರ್‌ಗೆ ಏಳುವುದು, ದುಡ್ಡು ಕೊಡುವುದು, ಆಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೈಸಿಕೊಳ್ಳುವುದು. ಹಣ ಕಳಿಸಲು ಸ್ಕ್ಯಾನ್ ಮಾಡುವಾಗಲೆಲ್ಲ ನನಗೆ ಒಂದು ಮಾತು ನೆನಪಾಗುತ್ತದೆ. ಲೀಟರಿಗೆ ಬರೀ ಒಂದು ಪೈಸೆ.

ನಿಮಗೂ ನೆನಪಿರಬೇಕು. ಬೆಂಗಳೂರಿನ ನೀರಿನ ದರ 2014ರ ನಂತರ ಏರಿರಲಿಲ್ಲ. ಹನ್ನೊಂದು ವರ್ಷದಲ್ಲಿ ಯಾವ ಪಕ್ಷ ಬಂದರೂ ಆ ಫೈಲನ್ನು ಬಿಸಿ ಪಾತ್ರೆ ಮುಟ್ಟಿದಂತೆ ಮುಟ್ಟಿ ಕೈ ಎಳೆದುಕೊಂಡಿತು. ಕೊನೆಗೆ 2025ರಲ್ಲಿ ಡಿ.ಕೆ. ಶಿವಕುಮಾರ್ ಧೈರ್ಯ ಮಾಡಿದರು. ಜಲಮಂಡಳಿಗೆ ವರ್ಷಕ್ಕೆ ಸಾವಿರ ಕೋಟಿ ನಷ್ಟ, ಹಾಗಾಗಿ ಲೀಟರಿಗೆ ಒಂದು ಪೈಸೆ ಏರಿಕೆ ಅಂದರು. ಏಪ್ರಿಲ್‌ನಲ್ಲಿ ಆದೇಶ ಬಂದಾಗ ನೋಡಿದರೆ ಅಷ್ಟೂ ಇಲ್ಲ! ತಿಂಗಳಿಗೆ 8,000 ಲೀಟರ್ ಒಳಗೆ ಬಳಸುವ ಮನೆಗೆ ಏರಿದ್ದು ಲೀಟರಿಗೆ 0.15 ಪೈಸೆ. ಇಡೀ ಒಂದು ಪೈಸೆಯ ಭಾಗ್ಯ 50,000 ಲೀಟರ್ ದಾಟಿದವರಿಗೆ ಮಾತ್ರ.

ನಮ್ಮ ದೇವರ ಮನೆಯ ಡಬ್ಬಿಯಲ್ಲಿ ಒಂದು ಪೈಸೆಯ ನಾಣ್ಯ ಇದೆ. ಚೌಕದ್ದು, ಅಲ್ಯುಮಿನಿಯಂನದು, ಊದಿದರೆ ಹಾರುವಷ್ಟು ಹಗುರ. ಅದನ್ನು ಏಳು ಚೂರು ಮಾಡಿದರೆ ಒಂದು ಚೂರು ಹೆಚ್ಚುಕಮ್ಮಿ 0.15 ಪೈಸೆ ಆಗುತ್ತದೆ. 25 ಪೈಸೆ ಮತ್ತು ಅದರ ಕೆಳಗಿನ ನಾಣ್ಯಗಳನ್ನೆಲ್ಲ ಕೇಂದ್ರ ಸರ್ಕಾರ 2011ರ ಜೂನ್ 30ಕ್ಕೇ ಮಣ್ಣು ಮಾಡಿತು. ಪಾಪ, ಪೈಸೆಗೆ ದಿಕ್ಕಿಲ್ಲದಂತಾಗಿತ್ತು. ಈಗ ಅದಕ್ಕೊಂದು ಆಸರೆ ಸಿಕ್ಕಿದೆ. ಕರೆಂಟಿನವರೂ ಅದೇ ಏಪ್ರಿಲ್‌ನಲ್ಲಿ ಯೂನಿಟ್‌ಗೆ 36 ಪೈಸೆ ಏರಿಸಿದರು. ಹಾಲಿನವರು ಮಾತ್ರ ನಾಚಿಕೆ ಬಿಟ್ಟು ಲೀಟರಿಗೆ ನಾಲ್ಕು ರೂಪಾಯಿ ಅಂದುಬಿಟ್ಟರು. ಅವರಿಗೆ ಮಾತಿನ ನಯ ಗೊತ್ತಿಲ್ಲ. ಮಿಲಿಲೀಟರಿಗೆ 0.4 ಪೈಸೆ ಅಂದಿದ್ದರೆ ಯಾರು ಬೈಯುತ್ತಿದ್ದರು?

ಇನ್ನು ಈ ಕರೆಂಟಿನ ಕಥೆ. ಜಲಮಂಡಳಿಯ ದುಡ್ಡನ್ನು ಎಲ್ಲರಿಗಿಂತ ಜಾಸ್ತಿ ತಿನ್ನುವುದು ಕರೆಂಟ್ ಬಿಲ್ಲೇ. ಕರೆಂಟಿನ ದರ ಏರಿದರೆ ನೀರಿನ ಖರ್ಚು ಏರುತ್ತದೆ, ಖರ್ಚು ಏರಿದರೆ ನೀರಿನ ದರ ಏರುತ್ತದೆ. ಸರ್ಕಾರದ ಎಡ ಜೇಬಿನಿಂದ ಬಲ ಜೇಬಿಗೆ ದುಡ್ಡು ಹೋಗುವಾಗ ದಾರಿಯಲ್ಲಿ ನಮ್ಮ ಜೇಬೂ ಒಂದು ಸ್ಟಾಪು.

ನಮ್ಮ ಅತ್ತೆ ಮಳವಳ್ಳಿ ಕಡೆಯವರು. ನೀರು ಬರುವುದೂ ಆ ಕಡೆಯಿಂದಲೇ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪು ಹಾಕಿ, ನೂರು ಕಿಲೋಮೀಟರ್ ದೂರ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಕಾವೇರಿಯನ್ನು ಹತ್ತಿಸುತ್ತಾರೆ. ಒಂದು ದಿನ ಇದನ್ನೆಲ್ಲ ಅವರಿಗೆ ಹೆಮ್ಮೆಯಿಂದ ವಿವರಿಸಿದೆ. ಎಲೆಅಡಿಕೆ ಒಂದು ಕೆನ್ನೆಗೆ ಒತ್ತಿಕೊಂಡು ಕೇಳಿದರು:

‘ಅಲ್ಲ ಅಳಿಯಂದ್ರೇ, ಶಿವನಸಮುದ್ರದಲ್ಲಿ ನೀರು ಬೀಳ್ತದೆ ಅಂತ ತಾನೆ ಅಲ್ಲಿ ಕರೆಂಟ್ ತೆಗ್ದಿದ್ದು?’

‘ಹೌದು ಅತ್ತೆ, 1902ರಲ್ಲಿ. 1905ಕ್ಕೆ ಬೆಂಗಳೂರಿಗೂ ಅಲ್ಲಿಂದಲೇ ದೀಪ ಬಂತು.’

‘ಈಗ ಅಲ್ಲಿ ನೀರ್ನೇ ಕರೆಂಟ್ ಹಾಕಿ ಮ್ಯಾಕೆ ಎತ್ತುತಾವ್ರಾ?’

‘ಹೌದು.’

‘ಬೀಳೋಕೆ ಮುಂಚೆ ಹಿಡ್ಕೊಳ್ಳದಲ್ವಾ?’

ಎಂಜಿನಿಯರ್‌ಗಳು ಇದಕ್ಕೆ ಉತ್ತರ ಹೇಳುತ್ತಾರೆ ಬಿಡಿ, ಉತ್ತರ ಇದೆ ಕೂಡ. ಆದರೆ ಅತ್ತೆಗೆ ಹೇಳುವಂಥ ಉತ್ತರ ನನಗೆ ಹೊಳೆಯಲಿಲ್ಲ. ನೂರಿಪ್ಪತ್ತು ವರ್ಷದ ಹಿಂದೆ ನದಿ ಬಿದ್ದು ನಮಗೆ ದೀಪ ಕೊಟ್ಟಿತು. ಆ ಸಾಲವನ್ನು ಈಗ ಬಡ್ಡಿ ಸಮೇತ ತೀರಿಸುತ್ತಿದ್ದೇವೆ. ಬೆಂಗಳೂರಿಗೂ ಹತ್ತಿರದಲ್ಲೇ ಒಂದು ನದಿ ಇತ್ತು, ಅರ್ಕಾವತಿ. ಹೆಸರಘಟ್ಟದಿಂದ 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯಿಂದ 1930ರ ದಶಕದಲ್ಲಿ ಊರಿಗೆ ಅದೇ ನೀರು. ಅದರ ಕಥೆ ಕೇಳಿದರೆ ಅತ್ತೆ ಎಲೆಅಡಿಕೆ ಉಗಿದೇಬಿಡುತ್ತಾರೆ ಅಂತ ಸುಮ್ಮನಾದೆ.

ನಮ್ಮ ಬಡಾವಣೆ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳ ಪೈಕಿ. ಈ ಹಳ್ಳಿಗಳಿಗಾಗಿಯೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 775 ದಶಲಕ್ಷ ಲೀಟರ್. ಪಾಲಿಕೆಗೆ ಸೇರಿದ ವರ್ಷ ಹುಟ್ಟಿದ ಮಗು ನೀರು ಬರುವಷ್ಟರಲ್ಲಿ ಪಿಯುಸಿಗೆ ಬಂದಿತ್ತು. ಬಂತಲ್ಲ, ಅದೇ ಸಂತೋಷ. ಆದರೆ ಸಂಪರ್ಕದ ಶುಲ್ಕ ಕೇಳಿ ಅಪಾರ್ಟ್‌ಮೆಂಟಿನವರು ಹಿಂದೇಟು ಹಾಕಿದರು. ನಾವೂ ಮೂರು ಮೀಟಿಂಗ್ ಮಾಡಿ, ಮೂರರಲ್ಲೂ ಬೋಂಡಾ ತಿಂದು ಎದ್ದೆವು.

ಆಗ 2025ರ ಮೇನಲ್ಲಿ ಎರಡು ಹೊಸ ಹೆಸರು ಬಂದವು. ‘ಸರಳ ಕಾವೇರಿ’, ‘ಸಂಚಾರಿ ಕಾವೇರಿ’. ಸರಳ ಅಂದರೆ ಸಂಪರ್ಕದ ಶುಲ್ಕವನ್ನು ಕಂತಿನಲ್ಲಿ ಕಟ್ಟುವುದು. ಫ್ರಿಜ್ಜು, ಸ್ಕೂಟರ್ ಆದಮೇಲೆ ಈಗ ನದಿಯೂ ಕಂತಿಗೆ ಸಿಗುತ್ತದೆ. ಸಂಚಾರಿ ಅಂದರೆ ಮಂಡಳಿಯದೇ ಟ್ಯಾಂಕರ್. ತಲಕಾವೇರಿಯಲ್ಲಿ ಹುಟ್ಟಿ, ಕನ್ನಂಬಾಡಿ ದಾಟಿ, ನೂರು ಕಿಲೋಮೀಟರ್ ಪೈಪಿನಲ್ಲಿ ಏದುಸಿರು ಬಿಡುತ್ತಾ ಹತ್ತಿ ಬಂದ ತಾಯಿ, ಕೊನೆಯ ಎರಡು ಕಿಲೋಮೀಟರ್‌ಗೆ ಲಾರಿ ಹತ್ತಬೇಕು. ಹೆಸರಿಟ್ಟ ಪುಣ್ಯಾತ್ಮರಿಗೆ ಕೈ ಮುಗಿಯಬೇಕು. ನದಿ ಹರಿಯುವುದು ಸಾಮಾನ್ಯ ಸಂಗತಿ. ಗೇರ್ ಬದಲಿಸುತ್ತಾ ಬರುವುದು ನಮ್ಮಲ್ಲಿ ಮಾತ್ರ.

ಹೆಸರು ಅಂದ ತಕ್ಷಣ ನೆನಪಾಯಿತು. ಕಡತಗಳಲ್ಲಿ ‘ಲೆಕ್ಕಕ್ಕೆ ಸಿಗದ ನೀರು’ ಅಂತ ಒಂದಿದೆ. ಸೋರಿದ್ದು, ಕದ್ದಿದ್ದು, ಮೀಟರ್ ಇಲ್ಲದ್ದು ಎಲ್ಲ ಅದರಲ್ಲೇ. ಮಂಡಳಿಯ ಲೆಕ್ಕದಲ್ಲೇ ಅದು ಕಾಲು ಭಾಗಕ್ಕಿಂತ ಜಾಸ್ತಿ. ಎಷ್ಟು ಮರ್ಯಾದಸ್ಥ ಮಾತು ನೋಡಿ! ತಪ್ಪು ಸೋರುವ ಪೈಪಿನದಲ್ಲ, ಲೆಕ್ಕಕ್ಕೆ ಸಿಗದೆ ಓಡಿಹೋದ ನೀರಿನದು. ಲೆಕ್ಕಕ್ಕೆ ಸಿಗುವ, ಆದರೆ ಕೈಗೆ ಸಿಗದ ಬಾಕಿ ಬೇರೆ ಇದೆ. ಬಿಲ್ ಕಟ್ಟದವರ ಪಟ್ಟಿಯಲ್ಲಿ ಸರ್ಕಾರಿ ಇಲಾಖೆಗಳೂ ಇವೆ.

ಸರಿ, ನಗು ಸಾಕು.

ಪೈಪಿನಲ್ಲಿ ಬರುವ ಕಾವೇರಿಗೆ, 2025ರಲ್ಲಿ ದರ ಏರಿದ ಮೇಲೂ, ಮೊದಲ 8,000 ಲೀಟರಿನಲ್ಲಿ ಲೀಟರಿಗೆ ಆದದ್ದು 0.85 ಪೈಸೆ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಸರ್ಕಾರವೇ ಟ್ಯಾಂಕರ್‌ಗೆ ಗೊತ್ತುಮಾಡಿದ ದರ, ಐದು ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಲೀಟರಿಗೆ ಎಂಟು ಪೈಸೆ ಮೇಲಾಯಿತು. ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸಿ, ಸೊಂಟದ ಮೇಲಿಟ್ಟುಕೊಂಡು ಎರಡನೇ ಮಹಡಿಗೆ ಹತ್ತುತ್ತಾಳೆ. ಅವಳಿಗೆ ಲೀಟರಿಗೆ 25 ಪೈಸೆ. ಕುಡಿಯುವ ಒಂದು ಲೀಟರಿಗೆ ಅವಳು ಕೊಡುವುದು ನಲ್ಲಿ ಇರುವವರು ಕೊಡುವುದರ ಇಪ್ಪತ್ತೊಂಬತ್ತು ಪಟ್ಟು, ಹೊರುವ ಕೂಲಿ ಸೇರದೆ. ಇದು ಯಾವ ಬಜೆಟ್ಟಿನ ಯಾವ ಪುಟದಲ್ಲಿ ನಷ್ಟ ಅಂತ ಬರೆದಿದೆ? ನೀರಿಗೆ ದುಡ್ಡು ಕೊಡೋದಿಲ್ಲ ಅಂತ ಈ ಊರಿನ ಬಡವರು ಯಾವತ್ತೂ ಹೇಳಿಲ್ಲ. ಅವರು ಕೊಡುತ್ತಲೇ ಇದ್ದಾರೆ. ಅದು ಮಂಡಳಿಗೆ ಹೋಗುತ್ತಿಲ್ಲ ಅಷ್ಟೇ. ಹನ್ನೊಂದು ವರ್ಷ ವೋಟಿನ ಭಯಕ್ಕೆ ದರ ಏರಿಸದೆ, ಅವಳ ಬೀದಿಗೆ ಪೈಪೂ ಹಾಕದೆ, ಈಗ ಬಂದು ಪೈಸೆಯ ಲೆಕ್ಕ ಹೇಳಿದರೆ ಕೇಳಿ ಕೇಳಿ ಸುಸ್ತಾಗಿದೆ ಸ್ವಾಮಿ.

ಹೋಗಲಿ. ಟ್ಯಾಂಕರ್ ಖಾಲಿಯಾಗಲು ಇನ್ನೂ ಹತ್ತು ನಿಮಿಷ. ‘ಏನಪ್ಪಾ, ಆ ಜಾಯಿಂಟು ಸರಿಮಾಡಿಸಬಾರದಾ?’ ಅಂದೆ. ‘ಓನರ್‌ಗೆ ಹೇಳಿದೀನಿ ಸಾರ್’ ಅಂದ, ಮೊಬೈಲಿನಿಂದ ತಲೆ ಎತ್ತದೆ. ಅಷ್ಟರಲ್ಲಿ ಅತ್ತೆ ಗೇಟು ತೆಗೆದುಕೊಂಡು ಬಂದರು. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಚೊಂಬು. ಸೈಕಲ್ ಟ್ಯೂಬ್ ಸುತ್ತಿದ ಜಾಗದ ಕೆಳಗೆ ಬಕೆಟ್ ಇಟ್ಟು, ಪಕ್ಕಕ್ಕೆ ಚಿಮ್ಮುವುದನ್ನು ಚೊಂಬಿಗೆ ಹಿಡಿದು, ಸೀರೆ ಒದ್ದೆಯಾದರೂ ಕದಲದೆ ನಿಂತರು. ಟ್ಯಾಂಕರ್ ಹೋಗುವಷ್ಟರಲ್ಲಿ ಒಂದೂವರೆ ಬಕೆಟ್ ಆಗಿತ್ತು.

‘ಇದ್ನೂ ಬರ್ಕೊಳ್ಳಿ ಲೆಕ್ಕಕ್ಕೆ’ ಅಂದು ಒಳಗೆ ಹೊತ್ತುಕೊಂಡು ಹೋದರು.